ಫ್ರೆಮಾಳ ಕೈಗುಣ

"ಯಾಕೆ ನಿಲ್ಲಿಸಿಬಿಟ್ರಿ ಆಂಟಿ? ಬಿಚ್ಚಿ, ಅದೊಂದೇ ಉಳಿದಿರೋದು," ಎಂದಳು ಕಾಕ್ರಾ.

ಫ್ರೆಮಾ ಬಿಚ್ಚಬೇಕಾಗಿಯೇ ಬರಲಿಲ್ಲ. ಎಡಗಿವಿಯ ಮೇಲಿನ ಆ ಕೊನೆಯ ಜಡೆ, ಬಾಚಣಿಗೆಯ ಚೂಪು ಬಾಲ ತಾಗುತ್ತಿದ್ದಂತೆ ತಾನಾಗಿ ಕೈಗೆ ಬಂದಿತ್ತು. ಉದ್ದಕ್ಕೂ ಚವರಿ. ಬುಡದಲ್ಲಿ ಹುಡುಗಿಯ ಸ್ವಂತ ಕೂದಲು ಎಂಬುದು ನಾಲ್ಕೈದು ಎಳೆ ಇದ್ದರೆ ಹೆಚ್ಚು. ಜಡೆ ಇದ್ದ ಜಾಗದಲ್ಲಿ ಎರಡು ಬೆರಳಗಲ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಫ್ರೆಮಾ ತಲೆಯನ್ನು ಮೆಲ್ಲಗೆ ಆಚೆ ಹೊರಳಿಸಿ ಬಲಗಡೆ ನೋಡಿದಳು. ಅಲ್ಲೂ ಅಷ್ಟೇ.

ಅಂದು ಗುರುವಾರ. ಶನಿವಾರ ಕಾಕ್ರಾಳ ಮದುವೆ. ಕಡಲ ತೀರದ ಟಕೊರಾಡಿಯ ಶಾಲೆಯಲ್ಲಿ ಟೀಚರಾಗಿದ್ದ ಹುಡುಗಿ ಬೆಳಗಿನ ಬಸ್ಸಿಗೆ ಕುಮಾಸಿಗೆ ಬಂದವಳು, ಮನೆಯಲ್ಲಿ ಚೀಲ ಎಸೆದು, ಅವಳಿ ಅಕ್ಕ ಪನಿನ್‌ಳನ್ನು ಎಳೆದುಕೊಂಡು ನೇರ ಬಂಟಾಮಾ ಬಡಾವಣೆಯಲ್ಲಿದ್ದ ಫ್ರೆಮಾಳ ಈ ಜಡೆ ಅಂಗಡಿಗೆ ಬಂದಿದ್ದಳು. ಹಣೆಯ ಅಂಚಿಗೆ ಜೆಲ್ ಮೆತ್ತಿ, ಮೇಲೊಂದು ವಸ್ತ್ರ ಕಟ್ಟಿಕೊಂಡಿದ್ದರಿಂದ ಬರುವಾಗ ಏನೂ ಕಂಡಿರಲಿಲ್ಲ.

ಬಂಟಾಮಾದಲ್ಲಿ ಜಡೆ ಹೆಣೆಯುವವಳ ಕುಶಲತೆಯನ್ನು ಯಾರೂ ಮೊದಲು ಕೇಳುವುದಿಲ್ಲ, ಕೈಗುಣ ಕೇಳುತ್ತಾರೆ. ಕೆಲವರ ಕೈ ಬಿದ್ದರೆ ಕೂದಲು ಬೆಳೆಯುತ್ತದೆ, ಕೆಲವರ ಕೈ ಬಿದ್ದರೆ ಉದುರುತ್ತದೆ. ಇದಕ್ಕೆ ಯಾರ ಹತ್ತಿರವೂ ಲೆಕ್ಕವಿಲ್ಲ, ಆದರೂ ಎಲ್ಲರಿಗೂ ಗೊತ್ತು. ಮಗಳ ಮೊದಲ ಜಡೆಗೆ ತಾಯಂದಿರು ಇಂಥ ಕೈಯನ್ನೇ ಹುಡುಕಿಕೊಂಡು ಬರುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಕಾಕ್ರಾಳ ತಾಯಿ ಕೊನಾಡು ತನ್ನ ಅವಳಿಗಳಿಗೆ ನಾಲ್ಕು ತುಂಬಿದ ವಾರವೇ ಕೈ ಹಿಡಿದು ಕರೆತಂದಿದ್ದು ಅದಕ್ಕೇ. "ಎಲ್ಲ ದೇವರ ದಯೆ," ಎನ್ನುತ್ತಿದ್ದಳು ಫ್ರೆಮಾ ಯಾರಾದರೂ ಹೊಗಳಿದರೆ. ದೇವರ ಪಾಲು ಎಷ್ಟು, ತನ್ನ ಕೈಯ ಪಾಲು ಎಷ್ಟು ಎಂಬುದರಲ್ಲಿ ಅವಳಿಗೆ ಒಳಗೊಳಗೆ ಬೇರೆಯೇ ಅಭಿಪ್ರಾಯವಿತ್ತು. ಬಿಟ್ಟ ಕೂದಲು ಗಾಳಿಗೆ, ಧೂಳಿಗೆ ಒಡೆಯುತ್ತದೆ, ಹೆಣೆದ ಕೂದಲು ನೆಮ್ಮದಿಯಾಗಿ ಬೆಳೆಯುತ್ತದೆ. ಮಡಿಸಿಟ್ಟ ಬಟ್ಟೆ ಹರಿದದ್ದನ್ನು ಕಂಡಿದ್ದೀರಾ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಳು.

"ಇದು ಯಾವಾಗಿಂದ?" ಎಂದಳು ಈಗ.

"ಒಂದು ವರ್ಷ ಆಯ್ತೇನೋ."

"ಅಲ್ಲಿ ಯಾರ ಕೈಗೆ ತಲೆ ಕೊಟ್ಟಿದ್ದೆ? ನಿಜ ಹೇಳು." ಈ ಪ್ರಶ್ನೆಯಲ್ಲಿ ಆಸೆಯಿತ್ತು. ಯಾರೋ ಕೈ ಕೆಟ್ಟವಳೊಬ್ಬಳು ಟಕೊರಾಡಿಯಲ್ಲಿ ಸಿಕ್ಕಿಬಿದ್ದರೆ ಸಾಕಾಗಿತ್ತು.

"ಯಾರಿಗೂ ಇಲ್ಲ ಆಂಟಿ. ರಜಕ್ಕೆ ಬಂದಾಗ ನೀವು ಹಾಕಿದ್ದೇ. ಮುಂದಿನ ರಜದವರೆಗೂ ಅದೇ."

"ನಾಲ್ಕು ತಿಂಗಳು ಬಿಚ್ಚದೆ ಇಟ್ಕೊಂಡಿದ್ಯಾ? ಎರಡು ತಿಂಗಳಿಗೆ ಬಿಚ್ಚಬೇಕು ಅಂತ ಗೊತ್ತಿಲ್ವಾ?"

"ಬೇರೆ ಕೈಗೆ ತಲೆ ಕೊಡಬೇಡ ಅಂತ ನೀವೇ ಅಲ್ವಾ ಹೇಳಿದ್ದು," ಎಂದಳು ಕಾಕ್ರಾ. ದೂರಿನ ದನಿಯಲ್ಲಿ ಅಲ್ಲ, ನೆನಪಿಸುವವಳ ಹಾಗೆ.

ಹೇಳಿದ್ದು ಹೌದು. ಫ್ರೆಮಾಗೆ ಇನ್ನೊಂದೂ ನೆನಪಾಯಿತು, ಅದನ್ನು ಅವಳು ಬಾಯಿಬಿಡಲಿಲ್ಲ. ಕಳೆದ ಸಲವೇ ಈ ಜಾಗ ತೆಳ್ಳಗಾದದ್ದನ್ನು ಅವಳು ಕಂಡಿದ್ದಳು. ಹೆಣೆದರೆ ತುಂಬಿಕೊಳ್ಳುತ್ತದೆ ಎಂದುಕೊಂಡು, ಆ ಬಡಪಾಯಿ ಕೂದಲಿಗೆ ಇನ್ನೊಂದು ಹಿಡಿ ಚವರಿ ಸೇರಿಸಿ ಬಿಗಿದಿದ್ದಳು.

ಅಂಗಡಿಯ ಬಾಗಿಲಲ್ಲೇ ಕೆಂಡದ ಮೇಲೆ ಬಾಳೆಕಾಯಿ ಸುಡುವ ಬಿರಾಗೊ ಬೀಸಣಿಗೆ ಹಿಡಿದುಕೊಂಡೇ ಒಳಗೆ ಇಣುಕಿದಳು. ಅವಳಿಗೆ ಕೇಳಿಸದ ಮಾತು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಉಪ್ಪುನೀರು ಕಣೆ," ಎಂದಳು ತೀರ್ಪು ಕೊಡುವವಳಂತೆ. "ಕಡಲ ಊರಲ್ಲಿ ಕಬ್ಬಿಣನೇ ಉಳಿಯಲ್ಲ, ಕೂದಲು ಉಳಿಯುತ್ತಾ?"

"ಹಾಗಾದ್ರೆ ಆ ಊರಲ್ಲಿ ಹೆಂಗಸರೆಲ್ಲ ಬೋಳಾಗಿರಬೇಕಿತ್ತು," ಎಂದಳು ಬೆಂಚಿನ ಮೇಲೆ ಕಾಲು ಚಾಚಿ ಬಾಳೆಕಾಯಿ ಮೆಲ್ಲುತ್ತಿದ್ದ ಪನಿನ್.

"ನಿನ್ನ ಬಾಯಿ ನೋಡು. ಎರಡು ಮಕ್ಕಳ ಬಾಯಿ ಒಂದಕ್ಕೇ ಕೊಟ್ಟುಬಿಟ್ಟಿದ್ದಾನೆ ದೇವರು. ಡಾಕ್ಟರಿಗೆ ತೋರಿಸಿದ್ಯೇನೆ ಕಾಕ್ರಾ?"

ತೋರಿಸಿದ್ದಳಂತೆ. ಫ್ರೆಮಾ ಬಾಚಣಿಗೆ ಕೆಳಗಿಟ್ಟು ಕೂತಳು.

"ಎಳೆದೂ ಎಳೆದೂ ಬೇರು ಸತ್ತಿರಬಹುದು ಅಂದ್ರು. ಸಾಯದೇನೂ ಇರಬಹುದಂತೆ, ಒಂದು ವರ್ಷ ಕಾದು ನೋಡಬೇಕಂತೆ."

"ಅಂದ್ರೆ ಹೆಣೀಲೇಬಾರದಾ?"

"ಹಾಗೇನಿಲ್ಲ. ಸಡಿಲವಾಗಿ ಹೆಣೆದ್ರೆ ಕೂದಲಿಗೆ ಒಳ್ಳೇದೇ, ಒಡೆಯೋದು ತಪ್ಪುತ್ತೆ ಅಂದ್ರು. ಕೆಲವರ ತಲೆ ತಡೆಯುತ್ತೆ, ಕೆಲವರದ್ದು ತಡೆಯಲ್ಲ ಅಂತಾನೂ ಅಂದ್ರು."

"ಒಳ್ಳೇದೂ ಹೌದು, ಕೆಟ್ಟದ್ದೂ ಹೌದು. ಇದನ್ನ ಹೇಳೋಕೆ ಡಾಕ್ಟರೇ ಬೇಕಿತ್ತಾ?" ಎಂದಳು ಬಿರಾಗೊ. "ಆ ಡಾಕ್ಟರ ತಲೆ ಮೇಲೆ ಮೊದಲು ಕೂದಲಿತ್ತೋ ಇಲ್ವೋ ಅದನ್ನ ಹೇಳು."

"ಹೆಂಗಸು ಆಂಟಿ ಅವರು. ಸೊಂಟದವರೆಗೂ ಜಡೆ ಹಾಕ್ಕೊಂಡಿದ್ರು."

ಬಿರಾಗೊ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪನಿನ್‌ಳೂ ನಕ್ಕಳು. ಫ್ರೆಮಾಗೆ ನಗು ಬರಲಿಲ್ಲ. ಮೂವತ್ತು ವರ್ಷ ತಾನು ಮಾಡಿದ್ದು ಕಾಪಾಡುವ ಕೆಲಸವೋ ಕೀಳುವ ಕೆಲಸವೋ ಎಂದು ಕೇಳಿದರೆ, ಓದಿದವರೂ ಎರಡೂ ಹೌದು ಎನ್ನುತ್ತಿದ್ದರು. ಅವಳ ತಲೆ ಕೆಟ್ಟು ಹೋಯಿತು.

ಥಟ್ಟನೆ ಅವಳಿಗೊಂದು ಯೋಚನೆ ಬಂತು. "ಪನಿನ್, ಬಾ ಇಲ್ಲಿ. ತಂಗಿ ಪಕ್ಕ ಕೂತ್ಕೋ," ಎಂದಳು.

ಅವಳಿಗಳು ಅಕ್ಕಪಕ್ಕ ಭುಜಕ್ಕೆ ಭುಜ ತಾಗಿಸಿ ಕೂತರು. ಅದೇ ಅಗಲ ಹಣೆ, ಅದೇ ಸುಳಿ, ಕುತ್ತಿಗೆಯ ಹಿಂದೆ ಅದೇ ಮಚ್ಚೆ. ಫ್ರೆಮಾ ಪನಿನ್‌ಳ ಕಿವಿಯ ಮೇಲೆ ಬೆರಳಾಡಿಸಿದಳು. ಕೂದಲು ಪೊದೆಯಂತೆ ಒತ್ತಾಗಿತ್ತು. ಬಾಚಣಿಗೆ ಇಟ್ಟರೆ ಸಿಕ್ಕಿಕೊಳ್ಳುವಷ್ಟು. ಅವಳು ಒಂದೊಂದಾಗಿ ಲೆಕ್ಕ ಹಾಕಿದಳು. ಇಬ್ಬರಿಗೂ ಒಂದೇ ದಿನ ಹೆಣೆಯುತ್ತಿದ್ದದ್ದು, ಒಂದೇ ಸ್ಟೂಲು, ತಲೆಗೆ ಹಚ್ಚುತ್ತಿದ್ದದ್ದೂ ಒಂದೇ ಡಬ್ಬಿಯ ಶಿಯಾ ಬೆಣ್ಣೆ. ಅವಳಿಗಳಿಗೆ ಒಬ್ಬಳಿಗೊಂದು ಇನ್ನೊಬ್ಬಳಿಗೊಂದು ಮಾಡಬಾರದು ಎಂದು ಸಾಲುಗಳನ್ನು ಕೂಡ ಎಣಿಸಿ ಹಾಕುತ್ತಿದ್ದಳು. ಹೈಸ್ಕೂಲಿಗೆ ಹೋದಾಗ ಅಲ್ಲಿನ ನಿಯಮದಂತೆ ಇಬ್ಬರ ತಲೆಯೂ ಒಟ್ಟಿಗೇ ಬೋಳಾಗಿತ್ತು, ಶಾಲೆ ಬಿಟ್ಟ ಮೇಲೆ ಒಟ್ಟಿಗೇ ಬೆಳೆದಿತ್ತು.

ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ನನ್ನ ಕೈ ಅಲ್ಲ," ಎಂದಳು ಗಟ್ಟಿಯಾಗಿ. "ನನ್ನ ಕೈ ಆಗಿದ್ರೆ ಇವಳದ್ದೂ ಹೋಗಬೇಕಿತ್ತಲ್ಲ! ಬಿರಾಗೊ, ನೀನೇ ನೋಡು. ಒಂದೇ ಕೈ, ಒಂದೇ ಜಡೆ."

"ಒಂದೇ ಜಡೆ ಎಲ್ಲಿ ಬಂತು ಆಂಟಿ," ಎಂದಳು ಪನಿನ್ ಬೆರಳು ನೆಕ್ಕುತ್ತ. "ನಾನು ಬೀದಿ ಕೊನೆಗೆ ಕೇಳಿಸೋ ಹಾಗೆ ಕಿರುಚ್ತಿದ್ದೆ. ಪಿಶಾಚಿ, ಪಿಶಾಚಿ ಅಂತ ಬೈಕೊಂಡು ನೀವು ಸಡಿಲ ಮಾಡ್ತಿದ್ರಿ. ಎರಡೇ ವಾರಕ್ಕೆ ಬಿಚ್ಚಿಹೋಗ್ತಿತ್ತು ನಂದು, ಅಮ್ಮ ದಿನಾ ಗೊಣಗೋರು. ಇವಳು ಅಳ್ತಾನೇ ಇರಲಿಲ್ವಲ್ಲ. ಇವಳ ಜಡೆ ತಿಂಗಳಾದ್ರೂ ಹಾಕಿದ ಹಾಗೇ ಇರ್ತಿತ್ತು."



"ಅತ್ತ ಮಗುವಿಗೆ ಹಾಲು ಅನ್ನೋದು ಸುಳ್ಳಲ್ಲ," ಎಂದು ಬಿರಾಗೊ ಮೆಲ್ಲಗೆ ಹೇಳಿ, ಕೆಂಡದ ಕಡೆ ಹೋದಳು.

ಅಳದ ಮಗು ಎಂದು ಫ್ರೆಮಾ ಕಾಕ್ರಾಳನ್ನು ಎಷ್ಟು ಮೆರೆಸಿದ್ದಳೋ ಲೆಕ್ಕವಿಲ್ಲ. ಬೇರೆ ಮಕ್ಕಳು ರಂಪ ಮಾಡಿದಾಗಲೆಲ್ಲ, "ನಮ್ಮ ಕಾಕ್ರಾನ್ನ ನೋಡಿ, ರಾಣಿ ಹಾಗೆ ಕೂರ್ತಾಳೆ," ಎನ್ನುತ್ತಿದ್ದಳು. ಬಿರಾಗೊಳ ಬಾಳೆಕಾಯಿ, ಹುರಿದ ಕಡಲೆಕಾಯಿ ಬಹುಮಾನ ಕೊಡಿಸುತ್ತಿದ್ದಳು. ಆ ತಲೆಯ ಮೇಲೆ ಕೆಲಸ ಮಾಡುವುದೇ ಒಂದು ಸುಖ; ಹೇಗೆ ಎಳೆದರೂ ಕದಲದು, ಗೆರೆ ಎಳೆದಂತೆ ಸಾಲು ಬೀಳುವುದು. ತನ್ನ ಕೈಗುಣ ತೋರಿಸಬೇಕಾದಾಗ ಅವಳು ತೋರಿಸುತ್ತಿದ್ದದ್ದು ಅದೇ ತಲೆಯನ್ನು.

"ನೋಯ್ತಿತ್ತಾ ನಿಂಗೆ?" ಎಂದು ಕೇಳಿದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೇಳುತ್ತಿದ್ದೇನೆ ಎಂದು ಕೇಳಿದ ಮೇಲೆ ಹೊಳೆಯಿತು.

ಕಾಕ್ರಾ ತೊಡೆಯ ಮೇಲಿದ್ದ ಚವರಿಯ ಉಂಡೆಯನ್ನು ಬಿಡಿಸುತ್ತ, "ನೋಯ್ತಿತ್ತು," ಎಂದಳು. "ರಾತ್ರಿ ಯಾವ ಮಗ್ಗುಲಿಗೂ ಮಲಗೋಕೆ ಆಗ್ತಿರಲಿಲ್ಲ. ಆದ್ರೆ ಪನಿನ್ ಅಷ್ಟು ಅಳ್ತಿದ್ಲಲ್ಲ ಆಂಟಿ. ಇಬ್ರೂ ಅತ್ರೆ ನಿಮಗೆ ಕಷ್ಟ ಆಗಲ್ವಾ ಅಂತ."

ಫ್ರೆಮಾಗೆ ಅಳು ಬಂತು. ಅಳುವುದಕ್ಕೂ ಧೈರ್ಯ ಸಾಲದೆ ಎದ್ದು, ಸುಮ್ಮನೆ ಮೊಳೆಗೆ ನೇತುಹಾಕಿದ ಚವರಿ ಕಟ್ಟುಗಳನ್ನು ಆಚೆಯದು ಈಚೆಗೆ, ಈಚೆಯದು ಆಚೆಗೆ ಮಾಡಿದಳು.

ಅಷ್ಟರಲ್ಲಿ ಕೊನಾಡು ಬಂದಳು. ಮದುವೆಯ ಬಟ್ಟೆ ಗಂಟು ಕಂಕುಳಲ್ಲಿ, ಹಣೆಯಲ್ಲಿ ಬೆವರು. ಮಗಳ ತಲೆಯನ್ನು ನೋಡಿ ಗಂಟನ್ನು ಕೆಳಗೆ ಬಿಟ್ಟಳು.

"ಅಯ್ಯೋ ನನ್ನ ಕರ್ಮವೇ! ಶನಿವಾರ ಹುಡುಗನ ಕಡೆಯವರು ಅಷ್ಟು ಜನ ಬರ್ತಾರೆ, ಇದೇನೇ ಇದು? ಫ್ರೆಮಾ, ನಿನ್ನ ಕೈ ಕೆಟ್ಟಿತು ಅಂತ ನಾನು ಅನ್ನಲ್ಲ. ನಾನು ಅನ್ನಲ್ಲ ಕಣೆ. ಜನರ ಬಾಯಿಗೆ ಬೀಗ ಹಾಕೋಕಾಗಲ್ಲ, ಅಷ್ಟೇ. ಈಗೊಂದು ಕೆಲಸ ಮಾಡು. ಹಿಂದಿಂದ ಚೆನ್ನಾಗಿ ಎಳೆದು ಮುಂದಕ್ಕೆ ತಂದು ಬಿಗಿ. ಬೋಳು ಮುಚ್ಚಿಹೋಗುತ್ತೆ."

"ನಾನು ಬಿಗಿಯಲ್ಲ," ಎಂದಳು ಫ್ರೆಮಾ.

"ಏನಂದೆ?"

"ಬಿಗಿದ್ರೆ ಉಳಿದದ್ದೂ ಹೋಗುತ್ತೆ ಕೊನಾಡು."

"ಹಾಗಾದ್ರೆ ಬಿಚ್ಚಿ ಬಿಟ್ಟುಕೊಂಡು ಮದುವೆಗೆ ಕೂರ್ಬೇಕಾ ಅವಳು? ಬಿಟ್ಟ ಕೂದಲು ಒಡೆಯುತ್ತೆ ಅಂತ ಹೇಳಿ ಹೇಳಿ ನನ್ನ ತಲೆ ತಿಂದವಳು ನೀನೇ. ಹೆಣೆದ್ರೂ ಕೇಡು, ಬಿಟ್ರೂ ಕೇಡು. ಏನು ಮಾಡಬೇಕು ನಾವು, ಹೇಳು. ನಿಂಗೆ ಗೊತ್ತಿರಬೇಕಲ್ಲ?"

ಗೊತ್ತಿರಬೇಕಾದದ್ದು ನಿಜ. ಫ್ರೆಮಾ ತನ್ನ ಎರಡೂ ಕೈಗಳನ್ನು ನೋಡಿಕೊಂಡಳು.

"ಹೆಣೀರಿ ಆಂಟಿ," ಎಂದಳು ಕಾಕ್ರಾ. "ಅಂಚನ್ನ ಮುಟ್ಟಬೇಡಿ. ನಡುವೆ ಮಾತ್ರ, ಚವರಿ ಇಲ್ಲದೆ. ಮುಂದಿನದ್ದು ಹೇಗಿದೆಯೋ ಹಾಗೇ ಇರ್ಲಿ. ಅವನು ಹೇಗೂ ನೋಡಿದಾನೆ."

"ಅವನು ನೋಡಿದಾನೆ, ಅವರಮ್ಮ ನೋಡಿದಾಳಾ?" ಎಂದಳು ಕೊನಾಡು.

"ನಂಗೂ ಹಾಗೇ ಹಾಕಿ," ಎಂದಳು ಪನಿನ್. "ಅಂಚು ಬಿಟ್ಟು. ಬಂದವರಿಗೆ ಇದೇ ಈಗಿನ ಹೊಸ ಫ್ಯಾಷನ್ ಅಂದ್ರಾಯ್ತು. ಇಬ್ರೂ ಒಂದೇ ಥರ ಇದ್ರೆ ಯಾರು ಕೇಳ್ತಾರೆ?"

ಕೊನಾಡು ಹಣೆ ಚಚ್ಚಿಕೊಂಡು, ಗಂಟು ಎತ್ತಿಕೊಂಡು, ದೊಡ್ಡದೊಂದು ದುಕು ವಸ್ತ್ರ ತರುತ್ತೇನೆ, ತಲೆಗೆ ಸುತ್ತಿದರೆ ಹಾಳಾದದ್ದು ಕಾಣುವುದಿಲ್ಲ ಎಂದು ಗೊಣಗುತ್ತ ಹೋದಳು.

ಫ್ರೆಮಾ ಎಂದಿನಂತೆ ಕಾಕ್ರಾಳ ಸ್ಟೂಲಿನ ಹಿಂದೆ ನಿಂತಳು. ಬೈತಲೆ ತೆಗೆದು, ಅಂಚಿನಿಂದ ಎರಡು ಬೆರಳು ದೂರ ಬಿಟ್ಟು, ನೆತ್ತಿಯ ಮೇಲೆ ಮೂರು ಎಳೆ ತೆಗೆದುಕೊಂಡಳು. ಹೆಣೆಯುವಾಗ ಬೆರಳು ತಾವಾಗಿ ಬಿಗಿಯುತ್ತಿದ್ದವು. ಮೂವತ್ತು ವರ್ಷದ ಅಭ್ಯಾಸ. ಪ್ರತಿ ಹೆಣಿಗೆಗೂ ಅವುಗಳನ್ನು ತಡೆದು ನಿಲ್ಲಿಸಬೇಕಾಗಿತ್ತು.

"ನೋಯ್ತಿದೆಯಾ?"

"ಇಲ್ಲ ಆಂಟಿ."

ಇನ್ನಷ್ಟು ಸಡಿಲಿಸಿದಳು. ಜಡೆ ಜಡೆಯಂತೆ ಕಾಣುತ್ತಿರಲಿಲ್ಲ, ಕಲಿಯುವವಳ ಕೆಲಸದ ಹಾಗಿತ್ತು. "ಈಗ?"

"ಇಲ್ಲ ಆಂಟಿ."

ಎರಡನೇ ಸಾಲಿಗೆ ಬಂದಾಗ, ಕೂದಲು ಒತ್ತಾಗಿದ್ದ ಕಡೆ, ಅವಳು ಬೇಕೆಂದೇ ಒಂದೇ ಒಂದು ಸಲ ಜಗ್ಗಿದಳು. ದೊಡ್ಡವರೂ ಹಾ ಎನ್ನುವಷ್ಟು. ಮರುಕ್ಷಣವೇ ಬಿಟ್ಟುಬಿಟ್ಟಳು.

"ನೋಯ್ತಾ ಕಾಕ್ರಾ?"

"ಇಲ್ಲ ಆಂಟಿ," ಎಂದಳು ಕಾಕ್ರಾ, ಅದೇ ದನಿಯಲ್ಲಿ.

ಫ್ರೆಮಾ ಆ ಜಡೆಯನ್ನು ಪೂರ್ತಿ ಬಿಚ್ಚಿದಳು. ಆಮೇಲೆ ಇನ್ನೊಂದು ಸ್ಟೂಲನ್ನು ಎಳೆದುಕೊಂಡು ಸುತ್ತಿ ಮುಂದಕ್ಕೆ ಬಂದು, ಹುಡುಗಿಯ ಮೊಣಕಾಲಿಗೆ ಮೊಣಕಾಲು ತಾಗುವಂತೆ ಎದುರಿಗೆ ಕೂತಳು. ಹೀಗೆ ಎದುರು ಕೂತು ಯಾರೂ ಹೆಣೆಯುವುದಿಲ್ಲ, ಸಾಲು ಸೊಟ್ಟಗಾಗುತ್ತದೆ. ಫ್ರೆಮಾ ಕೈ ಚಾಚಿ ಮೂರು ಎಳೆ ತೆಗೆದುಕೊಂಡು, ಮೊದಲ ಹೆಣಿಗೆ ಹಾಕುವ ಮುನ್ನ, ಬಾಯಿ ಹೇಳದ ನೋವು ಅಲ್ಲಾದರೂ ಕಂಡೀತೆಂದು ಕಾಕ್ರಾಳ ಕಣ್ಣುಗಳನ್ನು ನೋಡಿದಳು.

ಕಾಕ್ರಾ ಕಣ್ಣು ಮುಚ್ಚಿಕೊಂಡಳು.