ಸುಭದ್ರಾಳ ಕೂದಲು ಗಂಟಾಗದಂತೆ

ಗಂಡ ಸತ್ತ ಮೇಲೆ ನಾನು ಮಲ್ಕಾಜ್‌ಗಿರಿಯಲ್ಲಿ ತಮ್ಮ ಕಲ್ಯಾಣಪ್ಪನ ಮನೆಯಲ್ಲೇ ಉಳಿದೆ. ಅವನಿಗೆ ರೈಲ್ವೆ ನೌಕರಿ. ಹೆಂಡತಿ ಹೆರಿಗೆಯಲ್ಲಿ ಹೋಗಿದ್ದಳು. ಮಗಳು ಸುಭದ್ರಾಳನ್ನು ಬೆಳೆಸಿದವಳು ನಾನು. ಅವಳದು ಗುಂಗುರು ಕೂದಲು, ತೆಂಗಿನ ನಾರಿನಷ್ಟು ಒಣ. ಅಲ್ಲಿಯ ಸವುಳು ನೀರಿಗೆ ಇನ್ನೂ ಬಿರುಸಾಗುತ್ತಿತ್ತು. ಎರಡು ದಿನ ಬಿಟ್ಟರೆ ಗಂಟು.

ಗಂಟು ಬಿದ್ದು ಜಡೆಗಟ್ಟಿತೋ, ನಮ್ಮ ಮನೆತನದಲ್ಲಿ ಅದು ಎಲ್ಲಮ್ಮ ತಾಯಿಯ ಗುರುತು. ಆ ಹುಡುಗಿಯನ್ನು ದೇವಿಗೆ ಬಿಡುತ್ತಿದ್ದರು. ಆಮೇಲೆ ಮದುವೆಯಿಲ್ಲ, ಮನೆಯಿಲ್ಲ. ನನ್ನ ಅಕ್ಕನನ್ನು ಹಾಗೆ ಬಿಟ್ಟವಳು ನಮ್ಮ ಅವ್ವ. ಅದೇ ಅವ್ವ ಈಗ ನಮ್ಮ ಜೊತೆಗಿದ್ದಳು, ಮೊಮ್ಮಗಳ ತಲೆಯ ಮೇಲೆ ಕಣ್ಣಿಟ್ಟು.

ಅದಕ್ಕೇ ನಾನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಅಗಸಿ ಬೀಜ ಕುದಿಸಿ, ಬಟ್ಟೆಯಲ್ಲಿ ಹಿಂಡಿ, ಆ ಲೋಳೆಯನ್ನು ಕೂದಲು ಹಸಿಯಿರುವಾಗಲೇ ಎಳೆ ಎಳೆಗೆ ಸವರುವುದು. ತೇವ ಆರದಂತೆ ಮೇಲೆ ಕೊಬ್ಬರಿ ಎಣ್ಣೆ. ಆಮೇಲೆ ಅಗಲ ಹಲ್ಲಿನ ಹಣಿಗೆಯಲ್ಲಿ ತುದಿಯಿಂದ ಬಿಡಿಸುತ್ತ ಮೇಲೆ ಹೋಗುವುದು.

"ಅತ್ತಿ, ನನ್ನ ತಲಿ ಏನ್ ಹೊಲಾನ? ದಿನಾ ನೀರ್ ಹಾಯಸ್ತೀ."

"ಹೊಲಾ ಆಗಿದ್ರ ಇಷ್ಟೊತ್ತಿಗೆ ಎರಡು ಬೆಳಿ ತಗೀತಿದ್ದೆ. ಅಲಗ್ಯಾಡಬ್ಯಾಡ."

ಅರವತ್ತೊಂಬತ್ತರ ತೆಲಂಗಾಣ ಗಲಾಟೆಯ ಮರುವರ್ಷ ಅವಳಿಗೆ ಟೈಫಾಯ್ಡ್ ಬಂತು. ಆಗ ಅವಳಿಗೆ ಹದಿನಾಲ್ಕು. ತಲೆಗೆ ನೀರು ಸೋಕಿಸಬೇಡಿ ಎಂದರು ಡಾಕ್ಟರು. ಕೂದಲು ಹರಡದಿರಲೆಂದು ನಾನೇ ಎಣ್ಣೆ ಹಚ್ಚಿ, ಸುತ್ತಿ, ಬಿಗಿಯಾಗಿ ಬಟ್ಟೆ ಕಟ್ಟಿದೆ. ಇಪ್ಪತ್ತೊಂದು ದಿನ ಕೂಸು ಬದುಕಿದರೆ ಸಾಕೆಂದು ಕೂತವಳು ಅದನ್ನು ಬಿಚ್ಚಲೇ ಇಲ್ಲ. ಜ್ವರ ಇಳಿದ ದಿನ ಬಿಚ್ಚಿ ನೋಡಿದರೆ ಬೆವರು, ಎಣ್ಣೆ ಕೂಡಿ ಕೂದಲೆಲ್ಲ ಒಂದೇ ಗಡ್ಡೆ. ಬೆರಳು ಒಳಗೆ ಇಳಿಯಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಅವ್ವ ಕೈ ಮುಗಿದಳು. "ಕೈ ತಗೀ. ತಾಯಿ ಬಂದಾಳ."

"ಯಾವ ತಾಯಿ? ನಾ ಕಟ್ಟಿದ ಬಟ್ಟಿ ಇದು. ನನ್ನ ತಪ್ಪು."

"ಕೂಸಿನ ಜೀವಾ ಉಳಿಸಿದಾಕಿ ಯಾರು? ಸುಮ್ಮನ ಉಳಿಸ್ತಾಳೇನು?"

ನಾನು ತಮ್ಮನ ಕಡೆ ತಿರುಗಿದೆ. "ಏನರ ಮಾತಾಡೋ."

ಅವನು ನೆಲ ನೋಡುತ್ತ, "ಉಳದಾಳಲ್ಲಕ್ಕಾ. ಅಷ್ಟ ಸಾಕು" ಎಂದ.

ಕತ್ತರಿ ತಂದೆ. ಬುಡಕ್ಕೆ ಕತ್ತರಿಸಿಬಿಟ್ಟರೆ ಮುಗಿಯಿತು, ಕೂದಲು ಮತ್ತೆ ಬರುತ್ತದೆ. ಸುಭದ್ರಾ ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ ಅತ್ತಿ. ಕತ್ತರಿಸಿದ್ರ ಜ್ವರ ಹೊಳ್ಳಿ ಬರ್ತೈತಂತ. ಆಯಿ ಹೇಳ್ಯಾಳ. ನನಗ ಸಾಯೂದು ಬ್ಯಾಡ."

ನಾನು ನೀರಿಗೆ ಹೋದಾಗಲೆಲ್ಲ ಅವ್ವ ಅವಳ ಕಿವಿಯಲ್ಲಿ ಅದನ್ನೇ ಹೇಳಿರಬೇಕು.

ಜ್ವರದಿಂದ ಎದ್ದ ಕೈ, ಬಲವೇ ಇರಲಿಲ್ಲ. ಬಿಡಿಸಿಕೊಳ್ಳಬಹುದಿತ್ತು. ಆದರೆ ಕತ್ತರಿಸಿದ ಮೇಲೆ ನಿಜವಾಗಿ ಜ್ವರ ಮರಳಿದರೆ? ನನಗೂ ಹೆದರಿಕೆ ಹುಟ್ಟಿತು. ಕತ್ತರಿ ಕೆಳಗಿಟ್ಟೆ. ಅವ್ವ ಆ ಗಂಟಿಗೆ ಎಲ್ಲಮ್ಮನ ಭಂಡಾರದ ಅರಿಶಿನ ಹಚ್ಚಿದಳು.

ಹುಣ್ಣಿಮೆಗೆ ಮೂವರೂ ಸವದತ್ತಿಗೆ, ಎಲ್ಲಮ್ಮನ ಗುಡ್ಡಕ್ಕೆ ಹೋದರು. ಅವ್ವ ಮತ್ತು ತಮ್ಮ ತಿರುಗಿ ಬಂದರು.