ನಲವತ್ತೆರಡು ಸಂದರ್ಶನಗಳು

“ನಿನ್ನ ರೆಕಾರ್ಡಿಂಗ್ ಟೈಪ್ ಮಾಡೋದು ನೀರು ಕುಡಿದಷ್ಟು ಸುಲಭ ಕಣಮ್ಮಾ” ಎಂದರು ಟೈಪಿಸ್ಟಮ್ಮ, ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು. “ಬೇರೆಯವರದ್ದಾದ್ರೆ ಆ ಹೆಂಗಸರು ಗೊಣಗಿದ್ದು, ಅತ್ತಿದ್ದು, ಅರ್ಧಕ್ಕೆ ನಿಲ್ಲಿಸಿದ್ದು ಎಲ್ಲಾ ಕಿವಿ ನೆಟ್ಟಗೆ ಮಾಡ್ಕೊಂಡು ಕೇಳ್ಬೇಕು. ನಿನ್ನದ್ರಲ್ಲಿ ಮಾತೆಲ್ಲ ನಿನ್ನದೇ. ಅವರದ್ದು ಬರೀ ‘ಹೂಂ’.”

ಹೊಗಳಿಕೆ ಎಂದುಕೊಂಡೇ ಅವಳು ನಕ್ಕಳು. ಮೆಟ್ಟಿಲಿಳಿಯುವಷ್ಟರಲ್ಲಿ ನಗು ಆರಿಹೋಯಿತು.

ಮನಶ್ಶಾಸ್ತ್ರ ವಿಭಾಗದಲ್ಲಿ ಅವಳು ಸಂಶೋಧನಾ ಸಹಾಯಕಿ. ಗಂಡನನ್ನು ಕಳೆದುಕೊಂಡ ಹೆಂಗಸರ ಮನೆಗೆ ಹೋಗಿ, ಅವರ ದಿನಗಳು ಹೇಗೆ ಕಳೆಯುತ್ತಿವೆ ಎಂದು ಕೇಳಿ, ಉತ್ತರಗಳನ್ನು ಧ್ವನಿಮುದ್ರಿಸಿಕೊಂಡು ಬರುವುದು ಕೆಲಸ. ಎರಡು ವರ್ಷದಲ್ಲಿ ನಲವತ್ತೆರಡು ಸಂದರ್ಶನ. ಆ ಬಲದ ಮೇಲೆಯೇ, ಸ್ನಾತಕೋತ್ತರ ಪದವಿಯ ಗೊಡವೆಯಿಲ್ಲದೆ ನೇರವಾಗಿ ಪಿಎಚ್.ಡಿ.ಗೆ ಅರ್ಜಿ ಹಾಕಲು ಹೊರಟಿದ್ದಳು. ನಿಯಮದಲ್ಲಿ ಅವಕಾಶವಿತ್ತು, ಪ್ರೊಫೆಸರ್ ಮೇಡಂ ಶಿಫಾರಸು ಪತ್ರ ಕೊಡಲು ಒಪ್ಪಿದ್ದರು. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ ಇಪ್ಪತ್ತೆರಡರವರ ಪಕ್ಕ ಬೆಂಚಿನಲ್ಲಿ ಕೂರುವುದು ಯಾರಿಗೆ ಬೇಕು? “ಒಂದೊಂದೇ ಮೆಟ್ಟಿಲು ಎಣಿಸ್ಕೊಂಡು ಹತ್ತೋಕೆ ನನಗೆ ಪುರುಸೊತ್ತಿಲ್ಲ” ಎಂದು ಮನೆಯಲ್ಲಿ ಡಂಗುರ ಸಾರಿದ್ದಳು. ಅಂದಿನಿಂದ ನಾದಿನಿಯ ಬಾಯಲ್ಲಿ ಅವಳು ‘ಡಾಕ್ಟರ್ ಅತ್ತಿಗೆ’.

ಆ ಮಧ್ಯಾಹ್ನ ಖಾಲಿ ತರಗತಿಯೊಂದರಲ್ಲಿ ಕೂತು, ಮೊದಲ ಸಲ, ತನ್ನ ಸಂದರ್ಶನವನ್ನು ತಾನೇ ಕೇಳಿದಳು. ಏಳನೆಯದು. ಬಟ್ಟೆ ಹೊಲಿಯುವ ಹೆಂಗಸು.

“ಅವರು ಹೋದ್ಮೇಲೆ ರಾತ್ರಿ ಹೇಗಿರುತ್ತೆ?”

ಯಾರೋ ಕತ್ತರಿ ಕೆಳಗಿಟ್ಟ ಸದ್ದು. ಗಡಿಯಾರ ಮೂರು ಸಲ ಟಿಕ್ಕೆಂದಿತು.

ಮತ್ತೆ ತನ್ನದೇ ದನಿ: “ನಿದ್ದೆ ಬರಲ್ಲ ಅಲ್ವಾ? ಪಾಪ, ಮನೆಯೆಲ್ಲ ಭಣಭಣ ಅನ್ಸುತ್ತೆ.”

“ಹೂಂ.”

ಆ ‘ಹೂಂ’ಗೆ ಮುಂಚೆ ಒಂದು ಉಸಿರಿತ್ತು. ಮಾತಾಡಲೆಂದು ಎಳೆದುಕೊಂಡ ಉಸಿರು. ಅವಳು ಅಷ್ಟನ್ನೇ ನಾಲ್ಕು ಸಲ ಕೇಳಿದಳು. ವರದಿಯಲ್ಲಿ ‘ತೀವ್ರ ನಿದ್ರಾಹೀನತೆ’ ಎಂದು ದುಂಡಗೆ ಬರೆದದ್ದು ನೆನಪಿತ್ತು. ರೆಕಾರ್ಡಿಂಗಿನ ಕೊನೆಯಲ್ಲಿ, ಬಾಗಿಲ ಬಳಿ, ಆ ಹೆಂಗಸು ಮೆಲ್ಲಗೆ ಅಂದಿದ್ದಳು: “ನಿಜ ಹೇಳ್ಬೇಕೂಂದ್ರೆ, ನಾನು ಈಗ್ಲೇ ನೆಮ್ಮದಿಯಾಗಿ ನಿದ್ದೆ ಮಾಡೋದು, ಮೊದ್ಲೆಲ್ಲ...” ಅದರ ಮೇಲೆಯೇ ತನ್ನ ದನಿ, ಗಟ್ಟಿಯಾಗಿ: “ಬರ್ತೀನಿ ಅಕ್ಕಾ, ಧೈರ್ಯ ತಗೊಳ್ಳಿ!”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಎಂಟನೆಯದು, ಹದಿಮೂರನೆಯದು, ಇಪ್ಪತ್ತನೆಯದು ಹಾಕಿ ನೋಡಿದಳು. ಅವೂ ಅದೇ ಹಾಡು.

ಸಂಜೆ ಮೇಡಂ ಕೋಣೆಯ ಮೇಜಿನ ಮೇಲೆ ಲಕೋಟೆ ಸಿದ್ಧವಾಗಿತ್ತು. “ಸಹಿನೂ ಆಗಿದೆ, ತಗೊಳ್ಳಿ” ಎಂದರು. ತೆಗೆದುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಟೈಪಿಸ್ಟಮ್ಮನಿಗೆ ಅದೊಂದು ತಪ್ಪೆಂದೇ ಗೊತ್ತಿಲ್ಲ. ಕೈ ಅರ್ಧ ಮುಂದೆ ಹೋಯಿತು ಕೂಡ.

“ಮೇಡಂ, ಇದನ್ನೊಂದ್ಸಲ ಕೇಳಿ.”

ಮೇಡಂ ಪೂರ್ತಿ ಕೇಳಿದರು. ಕನ್ನಡಕ ತೆಗೆದು ಸುಮ್ಮನೆ ಕೂತರು. ಆ ಮೌನ ಅವಳಿಗೆ ಸಹಿಸಲಾಗಲಿಲ್ಲ. “ಅವರಿಗೆ ಸಮಾಧಾನ ಆಗ್ಲಿ ಅಂತ ನಾನು...” ಎಂದು ಶುರುಮಾಡಿ, ತನ್ನ ದನಿ ತನಗೇ ಕೇಳಿಸಿ, ನಾಲಿಗೆ ಕಚ್ಚಿಕೊಂಡಳು.

“ನಲವತ್ತೆರಡನ್ನೂ ಕೈಬಿಡ್ಬೇಕಾಗುತ್ತೆ” ಎಂದರು ಕೊನೆಗೆ ಮೇಡಂ. “ಆ ಮನೆಗಳಿಗೆ ಬೇರೆಯವರನ್ನ ಕಳಿಸ್ತೀನಿ. ನನ್ನದೂ ತಪ್ಪಿದೆ, ನಾನೂ ಕೇಳಲಿಲ್ಲ. ಈ ಕಾಗದ ಏನು ಮಾಡ್ಲಿ ಹೇಳಿ?”

“ಹರಿದುಬಿಡಿ. ಮಾಸ್ಟರ್ಸ್‌ಗೆ ಬೇರೆ ಬರ್ಕೊಡಿ ಮೇಡಂ. ಬರೆಯೋ ಮನಸ್ಸಿದ್ರೆ.”

ಮನೆಯಲ್ಲಿ ನಾದಿನಿ ತರಕಾರಿ ಹೆಚ್ಚುತ್ತ ಕೂತಿದ್ದಳು. “ಏನು ಡಾಕ್ಟರ್ ಅತ್ತಿಗೆ, ಕಾಗದ ಸಿಕ್ತಾ?”

“ಇಲ್ಲ. ಮೊದ್ಲು ಮಾಸ್ಟರ್ಸ್ ಮಾಡ್ತೀನಿ.”

“ಅಯ್ಯೋ! ಮೆಟ್ಟಿಲು ಎಣಿಸೋಕೆ ಪುರುಸೊತ್ತಿಲ್ಲ ಅಂತಿದ್ರಿ?”

ಸೀಟು ಕಡಿಮೆ, ನಿಯಮ ಬದಲಾಯಿತು — ನೆಪಗಳು ನಾಲಿಗೆಯ ತುದಿಯಲ್ಲೇ ಸಾಲಾಗಿ ನಿಂತಿದ್ದವು. ಅವನ್ನು ನುಂಗಿಕೊಂಡಳು.

“ನನಗೆ ಇನ್ನೊಬ್ಬರ ಮಾತು ಕೇಳೋಕೆ ಬರಲ್ಲ ಕಣೇ. ಇವತ್ತು ಗೊತ್ತಾಯ್ತು.”

ನಾದಿನಿ ಏನೋ ಹೇಳಲು ಬಾಯಿ ತೆರೆದು, ಅಭ್ಯಾಸಬಲದಿಂದ ಮುಚ್ಚಿಕೊಂಡಳು. ಈ ಸಲ ಅತ್ತಿಗೆ ಮಧ್ಯೆ ಬಾಯಿ ಹಾಕದೆ ಕಾದಳು. ನಲ್ಲಿ ತೊಟ್ಟಿಕ್ಕುತ್ತಿತ್ತು. ಚಾಕು ನಿಂತಿತು.

“ಅದು ನಮಗೆಲ್ಲ ಯಾವಾಗ್ಲೋ ಗೊತ್ತಿತ್ತು ಅತ್ತಿಗೆ” ಎಂದಳು ನಾದಿನಿ, ತಲೆಯೆತ್ತದೆ.