ಗುರುವಾರದ ಬಳಗದ ಮೊದಲ ಹೆಸರು

"ಅಂಕಲ್, ಹಳೇ ನೋಟ್‌ಬುಕ್‌ನ ಈ ಲಿಸ್ಟ್ ಯಾಕೆ ಎರಡರಿಂದ ಸ್ಟಾರ್ಟ್ ಆಗತ್ತೆ? ನಾನು ಸರಿ ಮಾಡ್ಬಿಟ್ಟೆ. ನೀವೇ ನಂಬರ್ ಒನ್," ಎಂದು ಅಹನಾ ಟೈಪ್ ಮಾಡಿದ ಹಾಳೆಯನ್ನು ಅಶ್ವತ್ಥನ ಮುಂದೆ ಇಟ್ಟಳು.

ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ವಿದ್ಯಾರ್ಥಿ ವಸತಿಯ ಅದೇ ಹಳೆಯ ಅಡುಗೆಮನೆ. ಇಲ್ಲಿ ಹುಟ್ಟಿದ ಗುರುವಾರದ ಬಳಗಕ್ಕೆ ಈ ಅಕ್ಟೋಬರಿಗೆ, ೨೦೦೯ರಲ್ಲಿ, ಎಂಟು ವರ್ಷ ತುಂಬುತ್ತಿತ್ತು. ಸಂಜೆಯ ಊಟದಲ್ಲಿ ಓದಲು ಬಳಗದ ಚರಿತ್ರೆ ಬರೆಯುವ ಕೆಲಸ ಇದೇ ಊರಿನಲ್ಲಿ ಬೆಳೆದ, ಬಳಗಕ್ಕೆ ಹೊಸಬಳಾದ ಅಹನಾಳ ತಲೆಗೆ ಬಿದ್ದಿತ್ತು. ದೂರದ ಲಿಂಡ್‌ಹೋಲ್ಮೆನ್‌ನಲ್ಲಿದ್ದ ತನ್ನ ಆಫೀಸಿಗೆ ರಜೆ ಹಾಕಿ ಅಶ್ವತ್ಥ ಬಂದಿದ್ದ, ಸ್ಥಾಪಕನೆಂದು ಶಾಲು ಹೊದಿಸಿಕೊಳ್ಳಲು. ಮೂವತ್ತೆರಡಕ್ಕೇ ಅಂಕಲ್ ಆಗಿದ್ದಕ್ಕೆ ಒಳಗೊಳಗೇ ಬೇಜಾರಾಯಿತು. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಆ ಹಾಳೆ.

ಇಲ್ಲಿನ ಕ್ಯಾಂಟೀನುಗಳಲ್ಲಿ ಗುರುವಾರ ಬಂತೆಂದರೆ ಬಟಾಣಿ ಸೂಪು. ಆಗೆಲ್ಲ ತೊಗರಿಬೇಳೆ ಕಣ್ಣಿಗೂ ಬೀಳುತ್ತಿರಲಿಲ್ಲ. ಆ ಒಣ ಹಳದಿ ಬಟಾಣಿಗೇ ಮನೆಯ ಸಾರಿನಪುಡಿ ಹಾಕಿ ಹುಳಿ ಮಾಡಬಹುದೆಂದು ಕಂಡುಹಿಡಿದವನು ಗದಗದ ಉಮಾಕಾಂತ. ಮೊದಲ ದಿನ ಐವರು ಪಾತ್ರೆಯ ತಳ ಕೆರೆದು ತಿಂದಿದ್ದರು. ಆ ಹುರುಪಿನಲ್ಲಿ ಉಮಾಕಾಂತನೇ ನೋಟ್‌ಬುಕ್ ತೆರೆದು, ತನ್ನದು ಮೊದಲು, ಅಶ್ವತ್ಥನದು ಎರಡನೆಯದಾಗಿ ಎಲ್ಲರ ಹೆಸರು ಬರೆದ, ನಿಯಮವನ್ನೂ ಮಾಡಿದ. ಬುಧವಾರ ಬಟಾಣಿ ನೆನೆಹಾಕುವುದು ಹೊಸಬರ ಪಾಳಿ. ಸತತ ಮೂರು ಗುರುವಾರ ತಪ್ಪಿಸಿದವರ ಹೆಸರು ಹೊಡೆದುಹಾಕತಕ್ಕದ್ದು. ಎಂಥ ಚೆಂದದ ದಿನಗಳು ಅವು! ಹೊರಗೆ ಮೂರು ಗಂಟೆಗೇ ಕತ್ತಲು, ಒಳಗೆ ಇಂಗಿನ ಒಗ್ಗರಣೆ.

ಫೆಬ್ರವರಿಯಲ್ಲಿ ಉಮಾಕಾಂತ ಬೆಳಗಿನ ಜಾವ ಪೇಪರ್ ಹಾಕುವ ಕೆಲಸ ಹಿಡಿದು, ಸಂಜೆಯೇ ಮಲಗತೊಡಗಿದ. ಮೂರನೆಯ ಗುರುವಾರವೂ ಅವನು ಕಾಣದಿದ್ದಾಗ ಅಶ್ವತ್ಥ, ಅರ್ಧ ತಮಾಷೆಗೆ, ಅರ್ಧ ಮುನಿಸಿಗೆ, ಮೊದಲ ಸಾಲು ಓದಲಾಗದಂತೆ ಗೀಟು ಎಳೆದಿದ್ದ. ಮುಂದಿನ ತಿಂಗಳು ಉಮಾಕಾಂತ ಓದು ಬಿಟ್ಟು ಊರಿಗೆ ಹೊರಟುಹೋದ. ಆಮೇಲೆ ಬಂದವರೆಲ್ಲ ಅಶ್ವತ್ಥನನ್ನೇ ಸ್ಥಾಪಕ ಎಂದರು. ಅವನು ಬಾಯಿ ಬಿಡಲಿಲ್ಲ.

"ಒಂದನೇ ನಂಬರ್ ನಂದಲ್ಲಮ್ಮ," ಎಂದು ಅಶ್ವತ್ಥ ಎಲ್ಲವನ್ನೂ ಹೇಳಿದ.

"ಬಟ್ ಅಂಕಲ್, ರೂಲ್ ಪ್ರಕಾರ ಅವ್ರು ಔಟ್ ಅಲ್ವಾ?"

"ಅವನನ್ನೇ ಕೇಳೋಣ."

ನಂಬರು ವರ್ಷಗಳಿಂದ ಫೋನಿನಲ್ಲಿತ್ತು, ಒತ್ತಲು ಧೈರ್ಯವಿರಲಿಲ್ಲ. ಅಹನಾಳಿಗೂ ಕೇಳಿಸಲೆಂದು ಸ್ಪೀಕರ್ ಹಾಕಿದ. ಗದಗದಲ್ಲಿ ಆಗ ಸಂಜೆ ಏಳು ಗಂಟೆ.

"ಯಾರು, ಅಶ್ವತ್ಥನ? ಏನಪಾ, ಬದುಕಿದಿ?" ಎಂದು ಉಮಾಕಾಂತ ಜೋರಾಗಿ ನಕ್ಕ.

ಅಶ್ವತ್ಥ ತಡವರಿಸುತ್ತ ವಿಷಯ ಹೇಳಿದ. "ನಿನ್ ಹೆಸ್ರು ಹೊಡೆದಿದ್ದು ನಾನೇ ಕಣೋ. ತಪ್ಪಾಯ್ತು."

"ರೂಲ್ ಮಾಡಿದಾಂವ ನಾನ. ಅದ್ರಾಗ ನಿಂದೇನ್ ತಪ್ಪು?" ಉಮಾಕಾಂತ ದನಿ ತಗ್ಗಿಸಿದ. "ಆದ್ರ ಮೂರನೇ ಗುರುವಾರ ನಾ ಬಂದಿದ್ನೆಪಾ. ಎಲ್ಲಾ ಪೇಪರ್‌ನಾಗೂ ಫೇಲ್ ಆಗಿದ್ದೆ, ನಿನಗ ಹೇಳ್ಬೇಕಂತ ಬಂದಿದ್ದೆ. ಒಳಗ ನೀವೆಲ್ಲಾ ನಗಾಕತ್ತಿದ್ರಿ. ಬಾಗ್ಲದಾಗಿಂದನ ಹೊಳ್ಳಿ ಹೋದೆ."

ಆ ನಗು ಯಾವುದೆಂದು ಅಶ್ವತ್ಥನಿಗೆ ಗೊತ್ತಿತ್ತು. ಗೀಟು ಎಳೆದಾಗಿನ ನಗು. ಮತ್ತೆ ಮಾಡುತ್ತೇನೆಂದು ಹೇಗೋ ಹೇಳಿ ಫೋನ್ ಇಟ್ಟ.

ಅಹನಾ ಬೆರಳು ಮಡಿಸಿ ಎಣಿಸುತ್ತಿದ್ದಳು. "ಹಾಗಾದ್ರೆ ಅವ್ರು ಮಿಸ್ ಮಾಡಿದ್ದು ಎರಡೇ ಗುರುವಾರ, ಅಲ್ವಾ?"

ಹೊರಗೆ ಕಾರಿಡಾರಿನಲ್ಲಿ ಯಾರೋ ಬೂಟು ಬಿಚ್ಚುವ ಸದ್ದಾಯಿತು. ಅಶ್ವತ್ಥ ಎದ್ದು ಹೋಗಿ ಬಾಗಿಲು ತೆರೆದು, ಮುಚ್ಚಿಕೊಳ್ಳದಂತೆ ಕುರ್ಚಿಯೊಂದನ್ನು ಅಡ್ಡ ಇಟ್ಟ.